ಏಡನ್ ಮಾಡಿದ ಪವಾಡ ಯಾವುದು?

ಮೆಚ್ಚಿನ ಸಂತರು ಯಾರು ಅಂತ ಕೇಳಿದವರಿಗೆ ನಾನು ಏಡನ್ ಅನ್ನುತ್ತೇನೆ. ಅಂತೋಣಿಯವರದೋ ಫ್ರಾನ್ಸಿಸ್ ಕ್ಸೇವಿಯರ್ ಅವರದೋ ಹೆಸರು ಬರುತ್ತದೆ ಅಂದುಕೊಂಡವರು ಆಮೇಲೆ ಕೇಳುವುದು ಒಂದೇ: "ಯಾರವರು? ಏನು ಪವಾಡ ಮಾಡಿದ್ದಾರೆ?"

ಪವಾಡಗಳೂ ಇವೆ. ಏಡನ್ ಮೊದಲೇ ಕೊಟ್ಟು ಕಳಿಸಿದ್ದ ಎಣ್ಣೆ ಸುರಿದಾಗ ಕೆರಳಿದ್ದ ಕಡಲು ಸುಮ್ಮನಾಯಿತಂತೆ. ಶತ್ರುಗಳು ರಾಜರ ಬ್ಯಾಂಬರೊ ಕೋಟೆಗೆ ಬೆಂಕಿ ಹಚ್ಚಿದಾಗ ಅವರ ಪ್ರಾರ್ಥನೆಗೆ ಗಾಳಿ ತಿರುಗಿ ಬೀಸಿತಂತೆ. ನಂಬುವವರು ನಂಬಲಿ. ನನಗೆ ಅವರು ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ರಾಜರ ಪಕ್ಕದಲ್ಲೇ ಇದ್ದರೂ ರಾಜರ ಹಂಗಿಗೆ ಬೀಳಲಿಲ್ಲ ಅವರು.

ಏಳನೇ ಶತಮಾನದ ಮಾತು. ಉತ್ತರ ಇಂಗ್ಲೆಂಡಿನ ನಾರ್ಥಂಬ್ರಿಯ ಎಂಬ ರಾಜ್ಯ. ಅಲ್ಲಿನ ದೊರೆ ಆಸ್ವಾಲ್ಡ್ ಚಿಕ್ಕಂದಿನಲ್ಲಿ ಊರು ಬಿಟ್ಟು ಓಡಿ, ಐರಿಷ್ ಸನ್ಯಾಸಿಗಳ ನಡುವೆ ದೀಕ್ಷಾಸ್ನಾನ ಪಡೆದವನು. ಪಟ್ಟ ಸಿಕ್ಕ ಮೇಲೆ, ನಮ್ಮ ಜನಕ್ಕೊಬ್ಬ ಬಿಷಪ್ ಬೇಕು ಅಂತ ಸ್ಕಾಟ್ಲೆಂಡಿನ ಅಯೋನಾ ದ್ವೀಪದಲ್ಲಿದ್ದ ಐರಿಷ್ ಸನ್ಯಾಸಿಗಳ ಮಠಕ್ಕೆ ಹೇಳಿ ಕಳಿಸಿದ. ಮೊದಲು ಹೋದವರು ಬಲು ಕಟ್ಟುನಿಟ್ಟಿನವರು. ಕೆಲಸ ಕೈಗೂಡದೆ ವಾಪಸ್ ಬಂದು, ಆ ಜನ ಒರಟರು, ಮಾತು ಕೇಳುವವರಲ್ಲ ಅಂದರು. ಸಭೆಯಲ್ಲಿ ಕೂತಿದ್ದ ಏಡನ್, "ಓದು ಬರಹ ಗೊತ್ತಿಲ್ಲದವರ ಹತ್ತಿರ ನೀವು ಜಾಸ್ತಿ ಬಿಗಿಯಾದಿರೇನೋ. ಮೊದಲು ಎಳೆಮಕ್ಕಳಿಗೆ ಕೊಡುವಂತೆ ಸುಲಭ ಬೋಧನೆಯ ಹಾಲು ಕೊಡಬೇಕಿತ್ತು" ಎಂಬರ್ಥದ ಮಾತಾಡಿದರು. ಹಾಗಾದರೆ ನೀವೇ ಹೋಗಿ ಅಂದರು ಎಲ್ಲರೂ. ಸಲಹೆ ಕೊಟ್ಟವರ ತಲೆಗೇ ಕೆಲಸ ಕಟ್ಟುವುದು ಇಂದು ನಿನ್ನೆಯದಲ್ಲ ನೋಡಿ!

635ರಲ್ಲಿ ದೊರೆ ಆಸ್ವಾಲ್ಡ್ ಏಡನ್‌ಗೆ ಲಿಂಡಿಸ್‌ಫಾರ್ನ್ ದ್ವೀಪ ಕೊಟ್ಟ. ಭರತದಲ್ಲಿ ಸುತ್ತ ನೀರು, ಇಳಿತದಲ್ಲಿ ನಡೆದೇ ದಾಟಬಹುದು. ಬ್ಯಾಂಬರೊ ಅರಮನೆಯೂ ಹತ್ತಿರವೇ. ಏಡನ್‌ಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಅವರು ಬೋಧಿಸಿದರೆ ರಾಜನೇ ನಿಂತು ತನ್ನ ಅಧಿಕಾರಿಗಳಿಗೆ ಅನುವಾದ ಮಾಡುತ್ತಿದ್ದ.

ಇಷ್ಟು ಸಲಿಗೆ ಇದ್ದರೆ ಬೇರೆಯವರು ಏನೇನು ಮಾಡಿಸಿಕೊಳ್ಳುತ್ತಿದ್ದರೋ. ಏಡನ್ ರಾಜನ ಊಟಕ್ಕೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಸ್ವಲ್ಪ ತಿಂದು, ಓದಬೇಕು ಪ್ರಾರ್ಥನೆ ಮಾಡಬೇಕು ಅಂತ ಬೇಗ ಎದ್ದುಬಿಡುತ್ತಿದ್ದರು. ದೊಡ್ಡವರು ತಪ್ಪು ಮಾಡಿದರೆ ಮುಖದ ಮೇಲೇ ಹೇಳುತ್ತಿದ್ದರು. ಅವರನ್ನು ಒಲಿಸಿಕೊಳ್ಳಲು ಕಾಸು ಕೊಟ್ಟವರಲ್ಲ. ಮನೆಗೆ ಬಂದರೆ ಊಟ ಹಾಕುತ್ತಿದ್ದರು, ಅಷ್ಟೇ. ಶ್ರೀಮಂತರು ಕೊಟ್ಟ ದುಡ್ಡು ಬಡವರಿಗೆ ಹೋಗುತ್ತಿತ್ತು. ಇಲ್ಲವಾದರೆ ಅನ್ಯಾಯವಾಗಿ ಗುಲಾಮರಾಗಿ ಮಾರಾಟವಾದವರನ್ನು ಬಿಡಿಸಲು. ಹಾಗೆ ಬಿಡಿಸಿಕೊಂಡವರಲ್ಲಿ ಎಷ್ಟೋ ಜನರಿಗೆ ಪಾಠ ಹೇಳಿ ಗುರುದೀಕ್ಷೆ ಕೊಟ್ಟರು. ಬಿಡುಗಡೆ ಮಾಡಿ ಕೈತೊಳೆದುಕೊಳ್ಳಲಿಲ್ಲ ಅನ್ನುವುದನ್ನು ಗಮನಿಸಿ.

ಇನ್ನು ಕುದುರೆ ಕತೆ. ಏಡನ್ ಎಲ್ಲಿಗೆ ಹೋದರೂ ನಡೆದೇ ಹೋಗುತ್ತಿದ್ದರು. ದಾರಿಯಲ್ಲಿ ಬಡವ ಸಿಗಲಿ, ಸಾಹುಕಾರ ಸಿಗಲಿ, ನಿಂತು ಮಾತಾಡಿಸುವುದು. ಕುದುರೆ ಮೇಲೆ ಕೂತರೆ ಅದಾಗುವುದಿಲ್ಲ, ಅಲ್ವಾ? ಆದರೂ ಆಸ್ವಾಲ್ಡ್ ಕಾಲದ ನಂತರ ನಾರ್ಥಂಬ್ರಿಯದ ಡೀರಾ ಪ್ರಾಂತ್ಯಕ್ಕೆ ದೊರೆಯಾಗಿದ್ದ ಆಸ್ವಿನ್, ಹೊಳೆ ದಾಟಲಿಕ್ಕಾದರೂ ಇರಲಿ ಅಂತ ಒಳ್ಳೆಯ ಕುದುರೆಯೊಂದನ್ನು ಕೊಟ್ಟ. ಸ್ವಲ್ಪ ದಿನಕ್ಕೇ ಒಬ್ಬ ಭಿಕ್ಷುಕ ಎದುರಾದ. ಏಡನ್ ಇಳಿದು, ಜೀನು ಲಗಾಮಿನ ಸಮೇತ ಕುದುರೆಯನ್ನೇ ಅವನಿಗೆ ಕೊಟ್ಟರು.

ರಾಜನಿಗೆ ಬೇಜಾರಾಯಿತು. "ಸ್ವಾಮಿ, ಅದು ನಿಮಗೆಂದೇ ಆರಿಸಿದ ಕುದುರೆ. ಭಿಕ್ಷುಕನಿಗೆ ಕೊಡಲು ಸಾಧಾರಣ ಕುದುರೆಗಳು ಇರಲಿಲ್ಲವೇ?" ಅವನ ಮಾತಿನಲ್ಲಿ ತಪ್ಪೇನೂ ಕಾಣದು, ನಾವಾದರೂ ಹಾಗೇ ಕೇಳುತ್ತಿದ್ದೆವು. ಏಡನ್ ಕೇಳಿದರು: "ಏನು ಹೇಳುತ್ತಿದ್ದೀರಿ ದೊರೆ? ದೇವರ ಮಗನಾದ ಆ ಭಿಕ್ಷುಕನಿಗಿಂತ ಆ ಕುದುರೆಯ ಮರಿ ನಿಮಗೆ ಹೆಚ್ಚಾಯಿತೇ?"

ಊಟದ ಮನೆಗೆ ಬಂದರು. ಬೇಟೆಯಿಂದ ಬಂದಿದ್ದ ರಾಜ ಬೆಂಕಿ ಕಾಯಿಸುತ್ತಾ ನಿಂತಿದ್ದವನು ಥಟ್ಟನೆ ಕತ್ತಿ ಬಿಚ್ಚಿ ಸೇವಕನ ಕೈಗಿತ್ತು, ಏಡನ್ ಕಾಲಿಗೆ ಬಿದ್ದ. ಇನ್ನು ಮೇಲೆ ನೀವು ಯಾರಿಗೆ ಏನು ಕೊಟ್ಟಿರಿ ಅಂತ ಕೇಳುವುದಿಲ್ಲ ಅಂದ. ಇಲ್ಲಿ ನಾನು ರಾಜನಿಗೂ ಅರ್ಧ ಮಾರ್ಕು ಕೊಡುತ್ತೇನೆ. ಏಡನ್ ಮಾತ್ರ ಕಣ್ಣೀರು ಹಾಕಿದರು. ಜೊತೆಗಿದ್ದ ಗುರುವಿಗೆ ರಾಜನಿಗೆ ತಿಳಿಯದ ಐರಿಷ್‌ನಲ್ಲಿ, "ಇಂಥ ವಿನಯದ ರಾಜ ಬಹಳ ದಿನ ಉಳಿಯಲಾರ" ಅಂದರಂತೆ. 651ರ ಆಗಸ್ಟ್‌ನಲ್ಲಿ, ನಾರ್ಥಂಬ್ರಿಯದ ಇನ್ನೊಂದು ಭಾಗದ ದೊರೆ ಆಸ್ವಿಯುವಿನ ಆಜ್ಞೆಯ ಮೇಲೆ ಆಸ್ವಿನ್ ಕೊಲೆಯಾದ. ಹನ್ನೆರಡನೇ ದಿನಕ್ಕೆ, ಆಗಸ್ಟ್ 31ರಂದು, ಏಡನ್ ತೀರಿಕೊಂಡರು. ಅವರ ಹಬ್ಬ ಅದೇ ದಿನ.

ಇದೆಲ್ಲ ಭಕ್ತರ ಉತ್ಪ್ರೇಕ್ಷೆ ಅನ್ನುವವರೂ ಸಿಗುತ್ತಾರೆ. ಇದನ್ನೆಲ್ಲ ದಾಖಲಿಸಿದ್ದು ಬೀಡ್ ಎಂಬ ಸನ್ಯಾಸಿ, 731ರಲ್ಲಿ ಮುಗಿಸಿದ, ಇಂಗ್ಲಿಷ್ ಜನರ ಧರ್ಮಸಭೆಯ ಚರಿತ್ರೆಯಲ್ಲಿ. ಏಡನ್ ಪಾಸ್ಕ (ಈಸ್ಟರ್) ಹಬ್ಬದ ದಿನ ಗೊತ್ತು ಮಾಡುತ್ತಿದ್ದುದು ಐರಿಷ್ ಲೆಕ್ಕದಲ್ಲಿ, ಬೀಡ್ ರೋಮಿನ ಲೆಕ್ಕದವರು. ಆ ಕಾಲಕ್ಕೆ ಅದು ಸಣ್ಣ ಜಗಳವಲ್ಲ. ಆ ವಿಷಯದಲ್ಲಿ ಏಡನ್ ತಪ್ಪು, ನಾನು ಒಪ್ಪುವುದೇ ಇಲ್ಲ ಅಂತ ಬೀಡ್ ಖಡಾಖಂಡಿತವಾಗಿ ಬರೆದಿದ್ದಾರೆ. ಅದೇ ಉಸಿರಿನಲ್ಲಿ, ಕೋಪ ಮತ್ತು ದುರಾಸೆಯನ್ನು ಗೆದ್ದವರು, ಬೋಧಿಸಿದಂತೆಯೇ ಬದುಕಿದವರು ಅಂತಲೂ ಬರೆದರು.