ಆಷಾಢ ಮುಗೀಲಿ, ಹಬ್ಬ ಮುಗೀಲಿ, ಗ್ರಹಣ ಮುಗೀಲಿ

2025 ಆಗಸ್ಟ್ 31, ಭಾನುವಾರ

ಇವತ್ತಿನಿಂದ ರಾಜ್ಯದಲ್ಲಿ ಆಸ್ತಿ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ. ನಿನ್ನೆ ಪೇಪರ್‌ನಲ್ಲಿ ಓದಿ, ಕಾಫಿ ಆರಿಹೋಗುವ ತನಕ ಲೆಕ್ಕ ಹಾಕುತ್ತಾ ಕೂತಿದ್ದೆ. ನಾವು ಕೊಳ್ಳುತ್ತಿರುವ ಕೆಂಗೇರಿಯ ಫ್ಲ್ಯಾಟ್‌ಗೆ 56 ಲಕ್ಷ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ 5.6%, ಅಂದರೆ 3,13,600. ಅದನ್ನು ಎತ್ತಿಟ್ಟಿದ್ದೇವೆ. ನೋಂದಣಿಗೆ ಅಂತ ಬೇರೆ 56,000 ಇಟ್ಟಿದ್ದೆವು. ಈಗ ಅದು 1,12,000. ನಮ್ಮ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ದುಡ್ಡು, ಸುಮ್ನೆ ಹೋಯಿತು.

ಸರ್ಕಾರದ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅಗ್ರಿಮೆಂಟ್ ಪ್ರಕಾರ ಆಗಸ್ಟ್ 14ಕ್ಕೇ ನಮ್ಮ ರಿಜಿಸ್ಟ್ರೇಷನ್ ಮುಗಿದಿರಬೇಕಿತ್ತು.

ಅಕ್ಷಯ ತೃತೀಯದ ದಿನ ಟೋಕನ್ ದುಡ್ಡು ಕೊಟ್ಟಾಗ ಫ್ಲ್ಯಾಟ್‌ನ ಮಾಲೀಕರು ಎಷ್ಟು ಚೆನ್ನಾಗಿ ಮಾತಾಡಿದ್ದರು! ತಾಂಬೂಲ ಕೊಟ್ಟು, 'ನಿಮ್ಮಂಥವರಿಗೇ ಮನೆ ಹೋಗಬೇಕು' ಅಂದಿದ್ದರು. ಮೇ 14ಕ್ಕೆ ಅಗ್ರಿಮೆಂಟ್ ಆಯಿತು. 5,60,000 ಅಡ್ವಾನ್ಸ್ ಅವರ ಖಾತೆಗೆ ಹೋಯಿತು. ಅವರು ಪುಣೆಗೆ, ಮಗನ ಮನೆಗೆ ಹೋದರು. ಅಲ್ಲಿಂದ ಶುರುವಾಯಿತು.

ಮೊದಲು ಪ್ಯಾನ್ ಕಾರ್ಡ್. 50 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಆಸ್ತಿ ಆದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಅಡ್ವಾನ್ಸ್‌ಗೂ ಅದು ಅನ್ವಯ. ಅದಕ್ಕೆ ಅವರ ಪ್ಯಾನ್ ನಂಬರ್ ಬೇಕು. ಒಂದು ಫೋಟೋ ತೆಗೆದು ಕಳಿಸುವ ಕೆಲಸ. ಹತ್ತೊಂಬತ್ತು ದಿನ ಹಿಡಿಯಿತು.

ಆಮೇಲೆ ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅಂತ ಹೇಳುವ ಪಾಲಿಕೆಯ ಡಿಜಿಟಲ್ ದಾಖಲೆ. ಬೆಂಗಳೂರಿನಲ್ಲಿ ಕಳೆದ ವರ್ಷದ ಅಕ್ಟೋಬರ್‌ನಿಂದ ಇದಿಲ್ಲದೆ ನೋಂದಣಿ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಕರಡು ಇದೆ. ಮಾಲೀಕರು ತಮ್ಮ ಆಧಾರ್ ದೃಢೀಕರಿಸಿ, ಕ್ರಯಪತ್ರದ ವಿವರ ಕೊಟ್ಟು ಅದನ್ನು ಅಂತಿಮ ಮಾಡಿಸಿಕೊಳ್ಳಬೇಕು. ಇವರ ಕ್ರಯಪತ್ರದಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಪೂರ್ತಿ. ಅದನ್ನು ಸರಿಮಾಡಿಸಬೇಕು. ನಾನೇ ಕೂತು ಮಾಡಿಕೊಡೋಣ ಅಂದರೆ ಒಟಿಪಿ ಹೋಗುವುದು ಅವರ ಮೊಬೈಲ್‌ಗೆ. ಆ ಮೊಬೈಲ್ ಅವರು ಎತ್ತುವುದಿಲ್ಲ.

ಎತ್ತಿದ ದಿನ ಒಂದು ಕಾರಣ ಸಿಗುತ್ತದೆ. ಜೂನ್ ಕೊನೆಯಲ್ಲಿ 'ಆಷಾಢ ಮುಗೀಲಿ ಸಾರ್'. ಅರ್ಜಿ ಹಾಕುವುದಕ್ಕೂ ಆಷಾಢ ಅಡ್ಡ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆಷಾಢ ಕಳೆಯಿತು, ವರಮಹಾಲಕ್ಷ್ಮಿ ಹಬ್ಬ ಬಂತು. ಆಮೇಲೆ ಗೌರಿ, ಗಣೇಶ. ನಾನು ಚಿಕ್ಕವನಿದ್ದಾಗ ದೆವ್ವ ಬರದಿರಲಿ ಅಂತ ನಮ್ಮ ಬೀದಿಯ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ಈಗ ಆ ದೆವ್ವ ನಾನೇ.

ತಮಾಷೆ ಅಂದರೆ, ದಿನಾ ಬೆಳಿಗ್ಗೆ ಆರೂವರೆಗೆ ಅವರಿಂದ ವಾಟ್ಸಾಪ್‌ನಲ್ಲಿ ಶುಭೋದಯ ಬರುತ್ತದೆ. ಗುಲಾಬಿ ಹೂ, ಇಬ್ಬನಿ, ಕೆಳಗೊಂದು ನುಡಿಮುತ್ತು. ಅದರ ಮೇಲೆಯೇ ನನ್ನ ಪ್ರಶ್ನೆ ಇರುತ್ತದೆ, ಎರಡು ನೀಲಿ ಗೆರೆ ಬಿದ್ದು. ಮೊನ್ನೆಯ ನುಡಿಮುತ್ತು ಸಮಯದ ಬೆಲೆಯ ಬಗ್ಗೆ ಇತ್ತು.

ಬೈಯೋಣ ಅನಿಸುತ್ತದೆ. ಬಾಯಿಗೆ ಬರುವುದು ಮಾತ್ರ 'ಆರಾಮಾ ಸಾರ್?' ಅಂತ. ದುಡ್ಡು ಅವರ ಕೈಲಿದೆ, ಸಹಿ ಅವರ ಕೈಲಿದೆ. ಬೇರೆ ಯಾರಿಗಾದರೂ ಜಾಸ್ತಿಗೆ ಮಾರುವ ಯೋಚನೆ ಇದೆಯಾ ಅಂತ ಹೆಂಡತಿಗೆ ಅನುಮಾನ. ಇನ್ನೊಂದು ಸಲ ಇ.ಸಿ. (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡಿದೆ, ಹೊಸದೇನೂ ಇಲ್ಲ. ನನಗನಿಸುವುದು ಅವರಿಗೆ ಸುಮ್ನೆ ಸೋಮಾರಿತನ. ಅದೇ ಇನ್ನೂ ಸಿಟ್ಟು ಬರಿಸುತ್ತದೆ, ಮೋಸವಾದರೆ ಜಗಳವಾದರೂ ಆಡಬಹುದಿತ್ತು.

ನಿನ್ನೆ ಸಂಜೆ ವಕೀಲರ ಹತ್ತಿರ ಹೋಗಿದ್ದೆ. ಅಗ್ರಿಮೆಂಟ್ ತಿರುವಿ ಹಾಕಿ, 'ನೀವು ಹಿಂದೆ ಸರಿದರೆ ಅಡ್ವಾನ್ಸ್ ಹೋಗುತ್ತೆ ಅಂತಿದೆ. ಅವರು ತಡ ಮಾಡಿದರೆ ಏನು ಅಂತ ಎಲ್ಲೂ ಬರೆಸಿಲ್ಲವಲ್ಲ?' ಅಂದರು. ಇಲ್ಲ, ಬರೆಸಿಲ್ಲ. ಬ್ರೋಕರ್ ತಂದ ಕಾಗದಕ್ಕೆ ತಾಂಬೂಲದ ಖುಷಿಯಲ್ಲಿ ಸಹಿ ಹಾಕಿದ್ದೆ. ಕೇಸು ಹಾಕಲು ಮೂರು ವರ್ಷದ ಅವಕಾಶ ಇದೆಯಂತೆ. ಮುಗಿಯಲು ಎಷ್ಟು ವರ್ಷ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸದ್ಯಕ್ಕೆ ಅವಧಿ ವಿಸ್ತರಣೆಯನ್ನು ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ, ಅದರಲ್ಲಿ ಇ-ಖಾತಾಗೆ ಒಂದು ತಾರೀಖು ಹಾಕಿಸಿ, ಹೆಚ್ಚುವರಿ 56,000ದಲ್ಲಿ ಅರ್ಧವನ್ನಾದರೂ ಕೇಳಿ, ಒಪ್ಪದಿದ್ದರೆ ನೋಟಿಸ್ ಕಳಿಸೋಣ ಅಂದರು. ಬ್ಯಾಂಕಿನ ಸಾಲ ಮಂಜೂರಾತಿ ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ. ಅದು ತಪ್ಪಿದರೆ ಸಂಬಳದ ಚೀಟಿಯಿಂದ ಎಲ್ಲ ಮತ್ತೆ ಮೊದಲಿಂದ.

ಇದನ್ನೆಲ್ಲ ಬರೆದು ಬೆಳಿಗ್ಗೆ ಮಾಲೀಕರಿಗೆ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು! 'ಮುಂದಿನ ಭಾನುವಾರ ಗ್ರಹಣ ಇದೆ. ಕಳೀಲಿ, ನೋಡೋಣ.' ಗ್ರಹಣದ ಮಾರನೇ ದಿನದಿಂದ ಪಿತೃಪಕ್ಷ. ಅದನ್ನು ಅವರು ಬರೆದಿಲ್ಲ, ಮುಂದಿನ ಸಲಕ್ಕೆ ಇಟ್ಟುಕೊಂಡಿರಬೇಕು. ನೋಟಿಸ್‌ಗೆ ಕಾಗದ ತಯಾರು ಮಾಡಿ ಅಂತ ವಕೀಲರಿಗೆ ಹೇಳಿದೆ.

ಇನ್ನೊಂದು ಕೆಲಸ ಬಾಕಿ ಇದೆ. ಆಗಸ್ಟ್ ಕೊನೆಗೆ ಖಾಲಿ ಮಾಡುತ್ತೇವೆ ಅಂತ ಈ ಬಾಡಿಗೆ ಮನೆಯ ಆಂಟಿಗೆ ಹೇಳಿದ್ದೆ. ಅವರು ಹೊಸಬರ ಹತ್ತಿರ ಅಡ್ವಾನ್ಸ್ ಕೂಡ ತಗೊಂಡಿದ್ದಾರಂತೆ. ಕೆಳಗೆ ಹೋಗಿ ಇನ್ನೊಂದು ತಿಂಗಳು ಕೇಳಬೇಕು. ನಾಲ್ಕು ದಿನದಿಂದ ಅವರ ಫೋನ್ ನಾನು ಎತ್ತಿಲ್ಲ.