ಆರ್ವ್ ನದಿಯ ಬಣ್ಣ

ಜಿನೀವಾದಲ್ಲಿ ಎರಡು ನದಿ ಸೇರುವ ಜಾಗಕ್ಕೆ ಇವತ್ತು ಮತ್ತೆ ಹೋಗಿದ್ದೆ. ಸೇತುವೆ ಮೇಲಿಂದ ನೋಡಿದರೆ ಒಂದು ಕಡೆ ರೋನ್, ತಿಳಿ ಹಸಿರು. ಇನ್ನೊಂದು ಕಡೆ ಆರ್ವ್, ಅಕ್ಕಿ ತೊಳೆದ ನೀರಿನ ಹಾಗೆ. ಸೇರಿದ ಮೇಲೂ ಸ್ವಲ್ಪ ದೂರ ಎರಡು ಬಣ್ಣ ಪಕ್ಕಪಕ್ಕದಲ್ಲೇ ಹರಿಯುತ್ತವೆ.

ರೋನ್ ಕೂಡ ಆಲ್ಪ್ಸ್‌ನದೇ. ಆದರೆ ತಂದ ಹೂಳನ್ನೆಲ್ಲ ಜಿನೀವಾ ಸರೋವರದಲ್ಲಿ ಇಳಿಸಿ ಬರುತ್ತದೆ. ಆರ್ವ್‌ಗೆ ದಾರಿಯಲ್ಲಿ ಅಂಥ ದೊಡ್ಡ ಸರೋವರವಿಲ್ಲ. ಮೇಲೆ ಫ್ರಾನ್ಸ್‌ನ ಷಾಮೊನಿ ಕಣಿವೆಯಲ್ಲಿ ಮಾಂಟ್ ಬ್ಲಾಂಕ್ ಬೆಟ್ಟದ ಹಿಮನದಿಗಳು ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತವೆ. ಅದನ್ನು ಆರ್ವ್ ಸುಮಾರು 100 ಕಿ.ಮೀ. ಹೊತ್ತು ತರುತ್ತದೆ. ಹಿಮ ಕರಗುವ ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ದಡಕ್ಕಿಳಿದು ಬೊಗಸೆ ನೀರು ತೆಗೆದುಕೊಂಡೆ. ಕೈ ಕೊರೆಯುವಷ್ಟು ತಣ್ಣಗಿತ್ತು. ಬೆರಳ ಸಂದಿಯಲ್ಲಿ ನುಣ್ಣನೆ ಬೂದು ಹುಡಿ ಉಳಿಯಿತು. ಇದು ಆ ಬೆಟ್ಟವೇ ಅಲ್ವಾ? ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.