ಕಾಸರಗೋಡಿನ ಕಾಲೇಜಿನಲ್ಲಿ ಸ್ಟ್ರೆಂತ್ ಕೋಚ್

ಆಟಗಾರರ ಮೈಬಲ ಬೆಳೆಸುವ ಸ್ಟ್ರೆಂತ್ ಆ್ಯಂಡ್ ಕಂಡೀಷನಿಂಗ್ ಕೋಚ್ ಎಂಬ ಹೆಸರಿನ ಕಾಯಂ ಹುದ್ದೆಯನ್ನು ಕಾಸರಗೋಡಿನ ಕಾಲೇಜುಗಳಲ್ಲಿ ನಾನಂತೂ ಕಂಡಿಲ್ಲ. ಇರುವುದು ದೈಹಿಕ ಶಿಕ್ಷಣ ವಿಭಾಗ. ಅಲ್ಲಿಗೆ ಅತಿಥಿ ಅಧ್ಯಾಪಕರಾಗಿಯೋ ಯಾವುದಾದರೂ ತಂಡದ ಗುತ್ತಿಗೆ ತರಬೇತುದಾರರಾಗಿಯೋ ಸೇರಿ, ಈ ಕೆಲಸವನ್ನು ನಾವೇ ಹುಟ್ಟಿಸಿಕೊಳ್ಳಬೇಕು. ಕಾಯಂ ನೇಮಕಾತಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ಕೇಳುವುದು ದೈಹಿಕ ಶಿಕ್ಷಣದಲ್ಲಿ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ಅದಕ್ಕೆ ಸಮಾನವಾದ ಅರ್ಹತೆ, ಆಟಗಾರನಾಗಿ ಭಾಗವಹಿಸಿದ ದಾಖಲೆ ಮತ್ತು ಒಂದು ಓಟದ ಪರೀಕ್ಷೆ. 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷಗಳಲ್ಲಿ 1800 ಮೀಟರ್ ಕ್ರಮಿಸಬೇಕು. ಗಂಟೆಗೆ 9 ಕಿಲೋಮೀಟರ್ ವೇಗವೆಂದರೆ ಬಸ್ಸು ಹಿಡಿಯಲು ಹೊರಟವನ ಓಟಕ್ಕೂ ಸಾಲದು. ಒಬ್ಬ ಆಟಗಾರನಿಗೆ ಸರಿಯಾಗಿ ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವ ವ್ಯಾಯಾಮ) ಕಲಿಸಲು ಅಭ್ಯರ್ಥಿಗೆ ಬರುತ್ತದೆಯೇ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಇದೊಂದು ಪ್ರತ್ಯೇಕ ವೃತ್ತಿಯಾಗಿ ರೂಪುಗೊಂಡದ್ದು ಅಮೆರಿಕದ ಕಾಲೇಜುಗಳಲ್ಲಿ. ಬೆನ್ನಿನ ಗಾಯದಿಂದಾಗಿ ಪೋಲ್‌ವಾಲ್ಟ್ ಬಿಡಬೇಕಾಗಿ ಬಂದ ಬಾಯ್ಡ್ ಎಪ್ಲಿ ಎಂಬ ವಿದ್ಯಾರ್ಥಿ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದಲ್ಲಿ ಭಾರ ಎತ್ತುತ್ತಿದ್ದುದನ್ನು ನೋಡಿ, ಗಾಯಗೊಂಡ ಅಮೆರಿಕನ್ ಫುಟ್ಬಾಲ್ ಆಟಗಾರರೂ ಅವರ ಜತೆ ಸೇರಿ ಮೊದಲಿಗಿಂತ ಬಲವಾಗಿ ಮೈದಾನಕ್ಕೆ ಮರಳಿದರು. 1969ರಲ್ಲಿ ವಿಶ್ವವಿದ್ಯಾನಿಲಯ ಅವರನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಯಾವನಾದರೂ ಆಟಗಾರ ನಿಧಾನವಾದರೆ ನಿನ್ನ ಕೆಲಸ ಹೋಯಿತೆಂದೇ ತಿಳಿ ಎಂದು ಮುಖ್ಯ ಕೋಚ್ ಎಚ್ಚರಿಸಿದ್ದರೆಂಬುದು ಪ್ರಸಿದ್ಧ ಕತೆ. 1978ರಲ್ಲಿ ಎಪ್ಲಿ ಕಟ್ಟಿದ, ಈ ಕೋಚ್‌ಗಳದೇ ಸಂಸ್ಥೆಯಾದ ಎನ್‌ಎಸ್‌ಸಿಎ 1985ರಿಂದ ಕೋಚ್‌ಗಳಿಗೆ ನೀಡುತ್ತಿರುವ ಸಿಎಸ್‌ಸಿಎಸ್ ಪ್ರಮಾಣಪತ್ರಕ್ಕೆ ಇಂದು ನಮ್ಮ ದೇಶದಲ್ಲೂ ಬೆಲೆಯಿದೆ. ಆ ಹಳೆಯ ಭಯವಾದರೋ ನಮ್ಮೂರಿನ ಕಬಡ್ಡಿ ಅಂಗಳದಲ್ಲಿ ಇನ್ನೂ ಜೀವಂತವಾಗಿದೆ: ಕಬ್ಬಿಣ ಎತ್ತಿದರೆ ಮೈ ಬಿಗಿದು ರೈಡಿನ ಚುರುಕು ಹೋಗುತ್ತದೆಂದು ಹೇಳುವ ಹಿರಿಯ ಆಟಗಾರರು ಈಗಲೂ ಸಿಗುತ್ತಾರೆ.

ಅವರನ್ನು ಮಾತಿನಲ್ಲಿ ಒಪ್ಪಿಸುವುದು ಕಷ್ಟ. ಅಭ್ಯಾಸದ ಮ್ಯಾಟಿನ ಮೇಲೆ ತೋರಿಸಬಹುದು. ಬೋನಸ್ ಗೆರೆಗೆ ಕಾಲು ಚಾಚುವ ರೈಡರ್ ಹಿಂದಿನ ಕಾಲನ್ನು ನೆಲದಿಂದ ಎತ್ತಿರಬೇಕು. ಆ ಕ್ಷಣದಲ್ಲಿ ಮುಂದೆ ಚಾಚಿದ ಕಾಲಿನ ತೊಡೆಯ ಹಿಂಭಾಗದ ಸ್ನಾಯು ಪೂರ್ತಿ ಎಳೆದುಕೊಂಡಿರುತ್ತದೆ, ಮರುಕ್ಷಣದಲ್ಲೇ ಅದು ಇಡೀ ದೇಹವನ್ನು ಹಿಂದಕ್ಕೆ ತರಬೇಕು. ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯುವ ಈ ಸ್ನಾಯು ಹರಿಯುವ ಅಪಾಯ ಇರುವುದು ಇಂಥಲ್ಲಿಯೇ. ಇದಕ್ಕೆ ನಾನು ನೆಚ್ಚಿಕೊಂಡಿರುವುದು ನಾರ್ಡಿಕ್ ವ್ಯಾಯಾಮವನ್ನು. ಒಬ್ಬ ಮೊಣಕಾಲೂರಿ ನಿಲ್ಲುತ್ತಾನೆ, ಇನ್ನೊಬ್ಬ ಅವನ ಹಿಮ್ಮಡಿಗಳನ್ನು ಒತ್ತಿ ಹಿಡಿಯುತ್ತಾನೆ. ಮೊದಲನೆಯವನು ಸೊಂಟ ಬಗ್ಗಿಸದೆ, ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಬೇಕು. ಮೊದಲ ವಾರ ಎಂಥ ಗಟ್ಟಿಗನೂ ಅರ್ಧ ದಾರಿಯಲ್ಲಿ ಸೋತು ಧೊಪ್ಪೆಂದು ಅಂಗೈ ಊರುತ್ತಾನೆ. ಈ ವ್ಯಾಯಾಮ ಅಳವಡಿಸಿಕೊಂಡ ಫುಟ್ಬಾಲ್ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧಕ್ಕೆ ಇಳಿದುದನ್ನು ಅಧ್ಯಯನಗಳು ತೋರಿಸಿವೆ. ಸಲಕರಣೆಯ ಖರ್ಚಿಲ್ಲವೆಂಬುದು ನಮ್ಮಂಥ ಕಾಲೇಜಿಗೆ ಇನ್ನೊಂದು ಲಾಭ. ಮಳೆಗಾಲದಲ್ಲಿ ತುಕ್ಕು ಹಿಡಿಯುವ ಬಾರ್‌ಬೆಲ್‌ಗಳನ್ನು ತಂತಿಬ್ರಷ್‌ನಿಂದ ಉಜ್ಜಿ ಎಣ್ಣೆ ಸವರುವ ಕೆಲಸವೂ ನನ್ನ ಪಾಲಿನದೇ.

ಆದರೆ ಈ ವೃತ್ತಿಯ ನಿಜವಾದ ತಲೆನೋವು ಭಾರದ ಕೋಣೆಯಿಂದ ಹೊರಗಿದೆ. ಮಳೆ ನಿಂತಿತೆಂದರೆ ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಬ್ಯಾನರ್‌ಗಳು ಏಳುತ್ತವೆ. ಕಾಲೇಜು ತಂಡದ ಹುಡುಗನೇ ಶನಿವಾರ ರಾತ್ರಿ ತನ್ನೂರಿನ ಕ್ಲಬ್ಬಿಗೆ ಆಡುತ್ತಾನೆ. ಆಡಬೇಡವೆನ್ನಲು ನಾನು ಯಾರು? ಊರಿನ ಮಾನ ಅಲ್ಲಿದೆ, ಬಹುಮಾನದ ಹಣದಲ್ಲಿ ಅವನ ಶೂ ಬರುತ್ತದೆ. 60 ಕೆ.ಜಿ. ವಿಭಾಗದ ಪಂದ್ಯವಾದರೆ ಇನ್ನೂ ಕಷ್ಟ: ತೂಕ ಇಳಿಸಲೆಂದು ಹಿಂದಿನ ದಿನವೆಲ್ಲ ನೀರು ಬಿಟ್ಟು, ಅದೇ ಒಣಗಿದ ದೇಹದಲ್ಲಿ ಸರಿರಾತ್ರಿಯವರೆಗೆ ಆಡಿ, ಸೋಮವಾರ ನನ್ನ ಮುಂದೆ ನಿಲ್ಲುತ್ತಾನೆ.

ಆದ್ದರಿಂದ ನನ್ನ ಮುಖ್ಯ ಸಲಕರಣೆ ಒಂದು ನೋಟ್‌ಬುಕ್. ಅಮೆರಿಕದ ಕಾರ್ಲ್ ಫಾಸ್ಟರ್ ರೂಪಿಸಿದ ಸರಳ ಲೆಕ್ಕವೊಂದಿದೆ: ಅಭ್ಯಾಸ ಎಷ್ಟು ಕಷ್ಟವೆನಿಸಿತೆಂದು ಆಟಗಾರ ಹತ್ತರಲ್ಲಿ ಒಂದು ಅಂಕ ಕೊಡುತ್ತಾನೆ, ಅದನ್ನು ನಿಮಿಷಗಳಿಂದ ಗುಣಿಸಬೇಕು. 60 ನಿಮಿಷಗಳ ಅಭ್ಯಾಸಕ್ಕೆ 6 ಅಂಕ ಬಂದರೆ 360. ಒಂದೇ ರಾತ್ರಿ ತಲಾ 40 ನಿಮಿಷಗಳ ಮೂರು ಪಂದ್ಯಗಳಾಡಿ 8 ಎಂದವನ ಲೆಕ್ಕ 960. ಅಂಥವನಿಗೆ ಸೋಮವಾರ ಭಾರದ ಸ್ಕ್ವಾಟ್ ಕೊಡಿಸುವುದು ತರಬೇತಿಯಲ್ಲ, ಶಿಕ್ಷೆ. ಕೇಳಿದರೆ ಮೊದಮೊದಲು ಹುಡುಗರು ಸುಳ್ಳು ಹೇಳುತ್ತಾರೆ. ನಿಜ ಹೇಳಿದ್ದಕ್ಕೆ ತಂಡದಿಂದ ಕೈಬಿಡುವುದಿಲ್ಲವೆಂದು ಖಾತರಿಯಾದ ಮೇಲೆ ತಾವೇ ಬಂದು ಬರೆಸುತ್ತಾರೆ.

ಹುಡುಗಿಯರ ವಿಚಾರದಲ್ಲಿ ಮನೆಯವರನ್ನೂ ಒಪ್ಪಿಸಬೇಕಾಗುತ್ತದೆ. “ಮಾಷ್ಟ್ರೇ, ಇಷ್ಟು ಭಾರ ಎತ್ತಿದರೆ ಹುಡುಗಿ ಕುಳ್ಳಿಯಾಗಿಯೇ ಉಳಿಯುವುದಿಲ್ಲವಾ?” ಎಂದು ವಾಲಿಬಾಲ್ ತಂಡದವಳೊಬ್ಬಳ ಅಮ್ಮ ಕೇಳಿದ್ದರು. ಕಾಲೇಜಿಗೆ ಬರುವ ಹೊತ್ತಿಗೆ ಹುಡುಗಿಯರ ಎತ್ತರದ ಬೆಳವಣಿಗೆ ಬಹುತೇಕ ಮುಗಿದಿರುತ್ತದೆಂದೂ, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ತಡೆಯುವುದು ಈ ಬಲವೇ ಎಂದೂ ವಿವರಿಸಿದ ಮೇಲೆ ಅವರ ಮುಂದಿನ ಪ್ರಶ್ನೆ ಪ್ರೋಟೀನ್ ಪುಡಿಯದಾಗಿತ್ತು. ಬೂತಾಯಿ ಮೀನು, ಮೊಟ್ಟೆ, ಹೆಸರುಕಾಳು ಸಾಕೆಂದೆ. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತೆಂದು ತೋರುತ್ತದೆ.

ಈ ದಾರಿಗೆ ಬರಬೇಕೆನ್ನುವ ವಿದ್ಯಾರ್ಥಿಗಳಿಗೆ ಮಾಂಗಾಟ್ಟುಪರಂಬದಲ್ಲಿರುವ ಕಣ್ಣೂರು ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗ, ತಿರುವನಂತಪುರದ ಕಾರ್ಯವಟ್ಟದಲ್ಲಿರುವ ದೈಹಿಕ ಶಿಕ್ಷಣ ಕಾಲೇಜು ಎಲ್‌ಎನ್‌ಸಿಪಿಇ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ (ಎನ್‌ಐಎಸ್) ಇವೆ. ಓದಿಗೆ ಕೊರತೆಯಿಲ್ಲ, ಕೊರತೆ ಇರುವುದು ವೇಳಾಪಟ್ಟಿಯಲ್ಲಿ. ಅಂತರ ಕಾಲೇಜು ಸ್ಪರ್ಧೆಗಳೆಲ್ಲ ಮುಗಿದು, ಹೊಸ ಬಲವನ್ನು ನಿಧಾನವಾಗಿ ಕಟ್ಟಲು ಪುರುಸೊತ್ತು ಸಿಗುವ ತಿಂಗಳುಗಳು ಏಪ್ರಿಲ್ ಮತ್ತು ಮೇ. ನಮ್ಮ ಅತಿಥಿ ನೇಮಕಾತಿಯ ಅವಧಿಯಾದರೋ ಸಾಮಾನ್ಯವಾಗಿ ಮಾರ್ಚ್ ಕೊನೆಗೇ ಮುಗಿಯುತ್ತದೆ. ಆ ಎರಡು ತಿಂಗಳ ಅಭ್ಯಾಸಕ್ರಮವನ್ನು ನಾನು ಕಾಗದದಲ್ಲಿ ಬರೆದು ಹುಡುಗರ ಕೈಗೆ ಕೊಡುತ್ತೇನೆ, ಸಂಬಳವಿಲ್ಲದಿದ್ದರೂ ಫೋನಿನಲ್ಲಿ ವಿಚಾರಿಸುತ್ತೇನೆ. ಊರಿನ ಕಬಡ್ಡಿ ಪಂದ್ಯಾಟಗಳ ಸೀಸನ್ ಆಗಲೂ ನಡೆಯುತ್ತಿರುವುದರಿಂದ ಅರ್ಧದಷ್ಟು ಹುಡುಗರು ಫೋನ್ ಎತ್ತುವುದಿಲ್ಲ.